ಕಂಡಕ್ಟರಮ್ಮ ಏರಿದ ಕಳ್ಳ ಕುರ್ಚಿ

ಬಸ್ಸಿನಲ್ಲಿ ನಿಂತು ನಿಂತು ಕಂಡಕ್ಟರಮ್ಮನ ಮೊಣಕಾಲು ಸವೆದುಹೋಗಿದ್ದವು. ನಾಲಿಗೆ ಮಾತ್ರ ಹೊಸದರ ಹಾಗೇ ಇತ್ತು. ಟಿಕೆಟ್ ಇಲ್ಲದೆ ಕಿಟಕಿಯಾಚೆ ನೋಡುತ್ತ ಕೂತವರನ್ನು ಬೆನ್ನು ನೋಡಿಯೇ ಹಿಡಿಯುತ್ತಿದ್ದ ಹೆಂಗಸು. ನಿವೃತ್ತಿಯಾದ ಮೇಲೆ ಆ ಕಣ್ಣಿಗೆ ಸಿಕ್ಕಿದ್ದು ಅಳಿಯ ಒಬ್ಬನೇ.

ಅಳಿಯ ಟೈಲ್ಸ್ ಅಂಗಡಿಯ ಸೇಲ್ಸ್‌ಮನ್. ಬಚ್ಚಲಿನ ಟೈಲ್ಸನ್ನು ನಡುಮನೆಗೆ ಹಾಕಿಸಬಲ್ಲ ಮಾತುಗಾರ. ಒಂದು ಸಂಜೆ ಗಾಲಿಕುರ್ಚಿ ತಳ್ಳಿಕೊಂಡು ಬಂದ.

‘ಅರ್ಧ ಬೆಲೆಗೆ ಹೊಡ್ಕೊಂಡು ಬಂದೆ, ಅತ್ತೆ! ಮಾರಿದವರು ಭಾರಿ ಸಂಭಾವಿತರು. ಗರಿಗರಿ ಇಸ್ತ್ರಿ ಶರ್ಟು.’

‘ಇಸ್ತ್ರಿ ನೋಡಿ ವ್ಯಾಪಾರ ಮಾಡೋದಾದ್ರೆ ಇಸ್ತ್ರಿಪೆಟ್ಟಿಗೇನೇ ತರಬಹುದಿತ್ತಲ್ಲ, ಅಳಿಯಂದಿರೇ.’

ಹಾಗಂದರೂ ಕೂತಳು. ಎಷ್ಟೋ ತಿಂಗಳ ಮೇಲೆ ಯಾರ ಹೆಗಲೂ ಹಿಡಿಯದೆ ಬಾಗಿಲವರೆಗೆ ಹೋಗಿ ಬೀದಿ ನೋಡಿದಳು. ಖುಷಿ ಯಾರಿಗೂ ಕಾಣದಂತೆ ಮುಖ ಗಂಟು ಹಾಕಿಕೊಂಡಳು.

ಮರುದಿನ ಒಗೆಯಲೆಂದು ಮಗಳು ಸೀಟಿನ ಬಟ್ಟೆ ಬಿಚ್ಚಿದರೆ ಕೆಳಗಿನ ಕಂಬಿಯಲ್ಲಿ ಬಣ್ಣ ಕೆರೆದ ಗುರುತು. ಉಳಿದ ಚೂರುಪಾರು ಅಕ್ಷರ ಕೂಡಿಸಿದರೆ ‘ಆಸ್ಪತ್ರೆ’. ಪಕ್ಕದಲ್ಲಿ ವಾರ್ಡಿನ ನಂಬರು.

‘ಹರಾಜಲ್ಲಿ ಹೋಗಿರಬಹುದು,’ ಅಂದ ಅಳಿಯ.

‘ಹರಾಜಿನದಾದ್ರೆ ಹೆಸರು ಯಾಕೆ ಕೆರೀತಾರೆ?’ ಅಂದಳು ಕಂಡಕ್ಟರಮ್ಮ.

ಅಳಿಯ ಫೋನ್ ಮಾಡಿದ. ಸಂಭಾವಿತರ ನಂಬರು ಸ್ವಿಚ್ ಆಫ್. ‘ಇರಲಿ ಬಿಡಿ, ಒಂದು ಕೋಟ್ ಬಣ್ಣ ಹೊಡೆದ್ರಾಯ್ತು. ಇಲ್ಲಾಂದ್ರೆ ಯಾರಿಗಾದ್ರೂ ದಾಟಿಸಿಬಿಡ್ತೀನಿ.’

ಮಗಳು ಬೀದಿ ಕೊನೆಯ ವಕೀಲೆಯನ್ನು ಕರೆತಂದಳು.

‘ಗೊತ್ತಿಲ್ಲದೆ ಕೊಂಡಿದ್ದು ಅಪರಾಧವಲ್ಲ,’ ಅಂದಳು ವಕೀಲೆ. ‘ಅನುಮಾನ ಬಂದ ಮೇಲೆ ಬಣ್ಣ ಹೊಡೆದ್ರೆ, ಮಾರಿದ್ರೆ, ಆಗ ನೀವೂ ಸಿಕ್ಕಿಹಾಕ್ಕೊಳ್ತೀರಿ. ಕದ್ದದ್ದೇ ಆದ್ರೆ, ದುಡ್ಡು ಕೊಟ್ಟಿದ್ರೂ ಕುರ್ಚಿ ನಿಮ್ಮದಾಗಲ್ಲ, ಮಾರಿದವನದ್ದೇ ಅಲ್ವಲ್ಲ. ಸ್ಟೇಷನ್ನಿಗೆ ಒಪ್ಪಿಸಿ, ನಡೆದದ್ದನ್ನ ಬರೆದುಕೊಟ್ಟು ರಸೀದಿ ತಗೊಳ್ಳಿ. ಅವನ ಮೆಸೇಜು ಅಳಿಸಬೇಡಿ. ವಂಚನೆ ದೂರು ಕೊಡಿ. ದುಡ್ಡಿಗೆ ದಾವೆ ಹಾಕಬಹುದು, ಅವನು ಸಿಕ್ಕರೆ.’

‘ಸಿಗದೆ ಏನು? ಇಸ್ತ್ರಿ ಶರ್ಟಿನವನು ಊರಿಗೊಬ್ಬನೇ ತಾನೆ?’ ಅಂದಳು ಕಂಡಕ್ಟರಮ್ಮ.

‘ನಾನೊಬ್ಬನೇ ಹೋಗಿಬರ್ತೀನಿ,’ ಅಂದ ಅಳಿಯ. ಕುರ್ಚಿ ಸ್ಟೇಷನ್ ಮುಟ್ಟುವ ಬಗ್ಗೆ ಕಂಡಕ್ಟರಮ್ಮನಿಗೆ ನಂಬಿಕೆಯಿರಲಿಲ್ಲ; ಅದರಿಂದ ಇಳಿಯಲೇ ಇಲ್ಲ. ಬೀದಿಯೆಲ್ಲ ನೋಡುವಂತೆ ಅವನು ಅತ್ತೆಯನ್ನು ತಳ್ಳಿಕೊಂಡು ಹೋದ.

‘ಕಳವಿನ ಮಾಲೆಲ್ಲಿ?’ ಅಂದ ಸ್ಟೇಷನ್ನಿನ ಪೇದೆ.

‘ಅದರ ಮೇಲೇ ಕೂತಿದೀನಲ್ಲಪ್ಪ, ಕಾಣ್ಸಲ್ವಾ?’

ಆಸ್ಪತ್ರೆಯಿಂದ ವಾರ್ಡಿನ ಮೇಲ್ವಿಚಾರಕ ಬಂದು ಗುರುತು ಹಿಡಿದ. ‘ಕಳುವಾದದ್ದೇ ನಮಗೆ ಗೊತ್ತಾಗಿರಲಿಲ್ಲ,’ ಅಂದ.

‘ಗೊತ್ತಾಗೋಕೆ ಒಮ್ಮೆಯಾದ್ರೂ ಎದ್ದು ನೋಡಬೇಕು, ಸ್ವಾಮಿ.’

ಬೆಂಚಿಗೆ ದಾಟಿಸುವಾಗ ಅವಳ ಕೈ ಕುರ್ಚಿಯ ಹಿಡಿಯನ್ನು ಬಿಡಲು ಸ್ವಲ್ಪ ತಡಮಾಡಿತು. ಆಮೇಲೆ ಅಳಿಯ ಅವಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದ.

ಮಗಳು ಚೀಟಿ ದುಡ್ಡು ಎತ್ತಿ ಅಂಗಡಿಯಿಂದಲೇ ಹೊಸ ಕುರ್ಚಿ ತಂದಳು. ಮಾರಿದವನು ಬೇರೆ ಕಳವಿನಲ್ಲಿ ಸಿಕ್ಕಿಬಿದ್ದ; ಅಳಿಯ ದಾವೆ ಹಾಕಿ ಕೋರ್ಟಿಗೆ ಅಲೆಯತೊಡಗಿದ. ಬಾಗಿಲಲ್ಲಿ ಕೂತ ಕಂಡಕ್ಟರಮ್ಮ ಪ್ರತಿ ಸಲವೂ ಕೇಳುತ್ತಾಳೆ:

‘ಇವತ್ತೇನು ಕೊಟ್ರು, ಅಳಿಯಂದಿರೇ?’

‘ಮುಂದಿನ ತಾರೀಖು.’

‘ಅದಾದ್ರೂ ಅವರ ಸ್ವಂತದ್ದೇ ತಾನೆ? ವಿಚಾರಿಸಿಕೊಂಡ್ರಾ?’

ಅಳಿಯ ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಳಗೆ ಹೋಗುತ್ತಾನೆ.