ಜನ ಬೇಡವೆಂದು ಹೊರಟ ದರ್ಜಿ

ನನ್ನ ಭಾವ ದರ್ಜಿ. ಕೋಟು ಹೊಲಿಯುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಬೀದಿಯಲ್ಲಿರಲಿಲ್ಲ. ಗಿರಾಕಿಗಳನ್ನು ಆಡಿಕೊಳ್ಳುವುದರಲ್ಲಂತೂ ಇಡೀ ಊರಿನಲ್ಲೇ ಇರಲಿಲ್ಲ. ಅಳತೆ ಕೊಟ್ಟವನು ಅಂಗಡಿಯ ಮೆಟ್ಟಿಲಿಳಿಯುವುದೇ ತಡ, ಕೊರಳಿಗೆ ಟೇಪು ನೇತುಹಾಕಿಕೊಂಡು ಶುರುಮಾಡುತ್ತಿದ್ದರು.

"ಹೊಟ್ಟೆ ಒಳಗೆಳ್ಕೊಂಡು ನಿಂತಿದ್ದ ನೋಡಿದ್ಯಾ? ಊಟಕ್ಕೆ ಕೂತಾಗಲೂ ಹಾಗೇ ಉಸಿರು ಬಿಗಿ ಹಿಡ್ಕೊಂಡಿರ್ತಾನಾ?"

ಹಿಂದಿನ ಕೋಣೆಯಲ್ಲಿ ಕಾಜ ಹಾಕುತ್ತ, ಗುಂಡಿ ಹೊಲಿಯುತ್ತ ನನ್ನ ಅಕ್ಕ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಭಾವನ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಬಗೆಯ ಜನ: ಬೊಜ್ಜು ಬಂದ ಮೂರ್ಖರು, ಬೊಜ್ಜು ಬಾರದ ಮೂರ್ಖರು.

ಒಂದು ದಿನ ಶಾಲೆಯ ಹೆಡ್‌ಮಾಸ್ತರರು ಹೊಸ ಕೋಟನ್ನು ಮತ್ತೊಮ್ಮೆ ವಾಪಸು ತಂದರು. ಒಂದು ಭುಜ ಎತ್ತರವಾಗಿದೆ ಎಂಬುದು ಅವರ ತಕರಾರು. "ಎತ್ತರ ಇರೋದು ನಿಮ್ಮ ಭುಜ. ಕೋಟು ಪಾಪ ಏನ್ ಮಾಡುತ್ತೆ?" ಎಂದ ಭಾವ, ಅಂದೇ ಅಂಗಡಿಗೆ ಬೀಗ ಜಡಿದು ನಮ್ಮ ಮನೆಗೆ ಬಂದು ಕೂತರು.

"ಸಾಕಪ್ಪಾ ಈ ಜನರ ಸಹವಾಸ. ಎಲ್ಲಾದ್ರೂ ತುಂಡು ಜಮೀನು ತಗೊಂಡು ಇದ್ದುಬಿಡ್ತೀವಿ. ನಮ್ಮ ಕಾಳು, ನಮ್ಮ ತರಕಾರಿ, ನಮ್ಮ ಕೋಳಿ. ಒಬ್ಬನ ಹಂಗೂ ಬೇಡ."

"ಕುಂಡದಲ್ಲಿ ಒಂದು ಗಿಡ ಬೆಳೆಸಿದವರಲ್ಲ ನೀವು," ಎಂದೆ.

"ಯಾಕೆ, ಹೊಲಿಗೆ ಏನು ಹುಟ್ಟುತ್ತಲೇ ಬಂದಿತ್ತಾ ನಂಗೆ?"

ಅಲ್ಲಿಂದ ಜಾಗ ಹುಡುಕುವ ಕೆಲಸ ಶುರುವಾಯಿತು. ಅಕ್ಕ ಬೇಡಿಕೊಂಡಳೆಂದು ನಾನೂ ಜೊತೆಗೆ ಹೋದೆ. ಮೊದಲು ನೋಡಿದ್ದು ರಸ್ತೆ ಪಕ್ಕದ ಕಪ್ಪು ಮಣ್ಣಿನ ಜಮೀನು. ತೋರಿಸಲು ಬಂದ ದಳ್ಳಾಳಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹೊಗಳುತ್ತಿದ್ದ. ಭಾವ ಮಣ್ಣಿನ ಕಡೆ ಕಣ್ಣು ಹಾಯಿಸಲಿಲ್ಲ, ಅವನ ಕತ್ತನ್ನೇ ನೋಡುತ್ತಿದ್ದರು. ವಾಪಸು ಬರುವಾಗ, "ಕಾಲರ್ ಒಳಗೆ ಅಷ್ಟು ಕೊಳೆ ಇಟ್ಕೊಂಡೋನ ಮಾತು ನಂಬಬೇಕಾ?" ಎಂದು ಆ ಜಮೀನಿನ ಕಥೆ ಮುಗಿಸಿದರು.

ಎರಡನೆಯದು ಇಳಿಜಾರಿನ ಬುಡದಲ್ಲಿತ್ತು. ಬಾವಿಯಲ್ಲಿ ಕೈಗೆಟುಕುವಷ್ಟು ನೀರು. ಮನೆಯ ಗೋಡೆ, ಮಾಡು ಗಟ್ಟಿ. ಪಕ್ಕದ ಮನೆಯ ಆಡು ಸಾಕುವ ಹೆಂಗಸು ನಮ್ಮನ್ನು ಕಂಡದ್ದೇ ಸೆರಗಿನ ತುಂಬ ಸೀಬೆಹಣ್ಣು ತಂದು ಬೇಲಿಯ ಮೇಲಿಂದ ಅಕ್ಕನ ಕೈಗೆ ಹಾಕಿದಳು. ಇಬ್ಬರೂ ಮಾತಿಗೆ ನಿಂತರು. ಅಕ್ಕನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡು ಬಹಳ ವರ್ಷಗಳಾಗಿದ್ದವು. ಭಾವ ಮಾತ್ರ ಬಾವಿಯನ್ನು ಇಣುಕಿಯೂ ನೋಡದೆ ಹೊರಟುಬಿಟ್ಟರು.

"ಮೊದಲ ದಿನವೇ ಇಷ್ಟು ಮಾತು. ನಾಳೆ ನಮ್ಮನೇಲಿ ಉಪ್ಪೆಷ್ಟು ಖರ್ಚಾಗುತ್ತೆ ಅಂತಾನೂ ಕೇಳ್ತಾಳೆ."

"ಕೇಳಲಿ ಬಿಡ್ರೀ," ಎಂದಳು ಅಕ್ಕ. "ಹೇಳಿದ್ರೆ ಉಪ್ಪೇನು ಕರಗಿ ಹೋಗುತ್ತಾ?"

ಮೂರನೆಯದು ಗುಡ್ಡದ ಮೇಲೆ, ಬಂಡಿದಾರಿ ಮುಗಿಯುವಲ್ಲಿ. ಕಲ್ಲು ತುಂಬಿದ ನೆಲ. ಮೇಲಿನಿಂದ ಒಂದು ಸಣ್ಣ ಕಾಲುವೆಯಲ್ಲಿ ಹರಿದು ಬರುವ ನೀರು, ಅದರ ಆಚೆಗೊಂದು ಈಚೆಗೊಂದು ಮನೆ. ಆಚೆ ಮನೆಯ ಅಂಗಳದಲ್ಲಿ ಒಬ್ಬಾತ ಸೌದೆ ಒಡೆಯುತ್ತಿದ್ದ. ನಾವು ಬಂದೆವು, ಕೆಮ್ಮಿದೆವು, ಅಕ್ಕ ಕೂಗಿ ಮಾತಾಡಿಸಿದಳು. ಆತ ತಲೆಯೆತ್ತಲಿಲ್ಲ. ಭಾವ ಸೊಂಟದ ಮೇಲೆ ಕೈಯಿಟ್ಟು, ಚೆನ್ನಾಗಿ ಇಸ್ತ್ರಿಯಾದ ಬಟ್ಟೆಯನ್ನು ನೋಡುವಂತೆ ಅವನನ್ನು ನೋಡಿದರು.

"ಮನುಷ್ಯ ಅಂದ್ರೆ ಹೀಗಿರಬೇಕು."

ಅಷ್ಟಕ್ಕೇ ಜಾಗ ನಿಶ್ಚಯವಾಯಿತು. ಮಣ್ಣು ಎಂಥದ್ದು, ಡಾಕ್ಟರು ಎಷ್ಟು ದೂರ, ಒಂದನ್ನೂ ವಿಚಾರಿಸಲಿಲ್ಲ.

ಆತ ಬಸ್ ಕಂಡಕ್ಟರನಾಗಿದ್ದವನೆಂಬುದು ಆಮೇಲೆ ತಿಳಿಯಿತು. ಆಯುಷ್ಯವಿಡೀ ಪ್ರಯಾಣಿಕರನ್ನು ಬೈದು ಬೈದು ಸುಸ್ತಾಗಿ, ಯಾರ ಮುಖವೂ ಬೇಡವೆಂದು ಗುಡ್ಡ ಹತ್ತಿದವನು. ಸರಿಯಾದ ಜೋಡಿ.

ಭಾವ ನೂಲು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಕಣ್ಣಿಗೆ ಹಬ್ಬವಾಗುವ ಹಾಗೆ ಪಾತಿಗಳನ್ನು ಮಾಡಿದರು. ಬೀಜಗಳನ್ನು ಬೆರಳುದ್ದ ಆಳಕ್ಕೆ ಹೂತರು. ಅವು ಅಲ್ಲೇ ಕೊಳೆತವು. ಹೇಗೋ ತಲೆಯೆತ್ತಿದ ನಾಲ್ಕು ಹುರುಳಿ ಗಿಡಗಳನ್ನು ಅವರದೇ ಕೋಳಿಗಳು ಮುಕ್ಕಿದವು. ಕಂಡಕ್ಟರ್ ಬೆನ್ನ ಹಿಂದೆ ಕೈಕಟ್ಟಿಕೊಂಡು ಆಚೆ ದಡದಲ್ಲಿ ನಿಂತು ನೋಡುತ್ತಿದ್ದ. ನೀರಿಗೆ ಹೋದ ಅಕ್ಕನನ್ನು ಒಮ್ಮೆ ಕೇಳಿದನಂತೆ, "ಏನಮ್ಮ, ನಿಮ್ಮ ಯಜಮಾನ್ರು ಭೂಮಿಗೆ ಪ್ಯಾಂಟು ಹೊಲೀತಿದ್ದಾರಾ?"

ಭಾವನೇನು ಕಡಿಮೆಯೆ? "ಕೋಳಿಗೂಡಿನ ಬಾಗಿಲು ಉಲ್ಟಾ ಕೂರಿಸಿದ್ದಾನೆ. ಟಿಕೆಟ್ ಹರಿದ ಕೈ. ಹರಿಯೋದು ಬಿಟ್ಟು ಇನ್ನೇನು ಬರುತ್ತೆ?" ಅವರಿಬ್ಬರ ನಡುವೆ ನೇರ ಮಾತಿಲ್ಲ. ಇಬ್ಬರ ತಾತ್ಸಾರವನ್ನೂ ಹೊತ್ತು ಅಕ್ಕನೇ ಓಡಾಡಬೇಕು.

ನಾನು ಹೋದಾಗಲೆಲ್ಲ ಆಲೂಗಡ್ಡೆ, ಈರುಳ್ಳಿ, ಎಣ್ಣೆ, ಬೆಂಕಿಪೊಟ್ಟಣ ಹೊತ್ತೊಯ್ಯುತ್ತಿದ್ದೆ. ಭಾವ ಆ ಆಲೂಗಡ್ಡೆಯನ್ನೇ ತಟ್ಟೆ ತುಂಬ ಬಡಿಸಿಕೊಂಡು ನನಗೆ ಬುದ್ಧಿ ಹೇಳುತ್ತಿದ್ದರು: "ನಿಮ್ಮಂಥೋರು ಅಂಗಡಿ ಮುಚ್ಚಿದ ದಿನ ಉಪವಾಸ ಬೀಳ್ತೀರಿ."

"ನಿಮಗೆ ಆ ಭಯ ಇಲ್ಲ ಬಿಡಿ. ನನ್ನ ಚೀಲ ಬರುತ್ತಲ್ಲ," ಎಂದೆ. ಕೇಳಿಸದವರಂತೆ ಇನ್ನಷ್ಟು ಬಡಿಸಿಕೊಂಡರು.

ಮಳೆ ಮುಗಿಯುವ ಹೊತ್ತಿಗೆ ಮೇಲಿನ ದಿಬ್ಬ ಜಾರಿ ಕಾಲುವೆಯೊಳಕ್ಕೆ ದೊಡ್ಡ ಕಲ್ಲೊಂದು ಉರುಳಿತು. ನೀರು ಪಕ್ಕಕ್ಕೆ ತಿರುಗಿ ಎರಡೂ ಮನೆಗೆ ಇಲ್ಲದಂತಾಯಿತು. ಬೆಳಿಗ್ಗೆ ಭಾವ ಹಾರೆ ಹಿಡಿದು ಹೋಗಿ ಒಬ್ಬರೇ ತಿಣುಕಿ ಬರುತ್ತಿದ್ದರು. ಸಂಜೆ ಕಂಡಕ್ಟರ್ ಹೋಗಿ ತಿಣುಕುತ್ತಿದ್ದ. ಒಬ್ಬ ಅಲ್ಲಿದ್ದರೆ ಇನ್ನೊಬ್ಬ ಹೋಗುವುದಿಲ್ಲ. ಅಕ್ಕ ಕೆಳಗಿನ ಹೊಂಡದಿಂದ ನೀರು ಹೊತ್ತಳು.

"ಇಬ್ರೂ ಒಟ್ಟಿಗೆ ಕೈ ಹಾಕಿದ್ರೆ ಕಲ್ಲು ಏಳುತ್ತೆ ಕಣ್ರೀ. ಹೋಗಿ ಕರೀರಿ."

"ನಾನು ಕರೀಬೇಕಾ? ಬೇಕಾದ್ರೆ ಅವನೇ ಬರಲಿ."

ಅಕ್ಕ ಕಾಲುವೆ ದಾಟಿ ಆತನ ಬಳಿಗೂ ಹೋದಳು. "ನಾನು ಯಾರ ಹಂಗಿಗೂ ಹೋಗೋನಲ್ಲಮ್ಮ," ಎಂಬ ಉತ್ತರ ಬಂತು.

ಅಕ್ಕ ಮನೆಗೆ ಬಂದು ಕೊಡವನ್ನು ಅಂಗಳದಲ್ಲಿ ಕುಕ್ಕಿದಳು. "ನಿಮ್ಮಿಬ್ಬರ ಸ್ವಾವಲಂಬನೆಗೆ ನೀರು ಹೊರೋಕೆ ನಾನು ಹುಟ್ಟಿಲ್ಲ," ಎಂದವಳೇ ಹೊಲಿಗೆ ಮೆಷಿನ್ನನ್ನು ಬಂಡಿಗೆ ಹಾಕಿಸಿಕೊಂಡು ಗುಡ್ಡ ಇಳಿದಳು. ಹೋದದ್ದು ಆಡು ಸಾಕುವ ಹೆಂಗಸಿನ ಮನೆಗೆ. ಪಕ್ಕದ ಖಾಲಿ ಕೋಣೆಯನ್ನು ಬಾಡಿಗೆಗೆ ಹಿಡಿದು, ಸುತ್ತಲಿನವರ ಬಟ್ಟೆ ಹೊಲಿಯುತ್ತ ಅಲ್ಲೇ ಉಳಿದಳು. ಬಾವಿಕಟ್ಟೆಯ ಪಕ್ಕ ಸೊಪ್ಪು ಹಾಕಿದ್ದಾಳೆ. ಗೊಬ್ಬರ ಆಡಿನವಳದು, ಸೊಪ್ಪು ಇಬ್ಬರದು.

ಗುಡ್ಡದ ಮೇಲೆ ನೀರು ಹೊರುವವರಿಲ್ಲದೆ ಎರಡು ದಿನವೂ ಕಳೆಯಲಿಲ್ಲ. ಭಾವ ಕಲ್ಲಿನ ಬಳಿ ಹೋದಾಗ ಕಂಡಕ್ಟರ್ ಅಲ್ಲಿದ್ದ. ಇಬ್ಬರೂ ಜಾಗ ಬಿಟ್ಟು ಕದಲಲಿಲ್ಲ, ಮಾತೂ ಆಡಲಿಲ್ಲ. ಆ ಕಡೆಯಿಂದ ಒಂದು ಹಾರೆ, ಈ ಕಡೆಯಿಂದ ಒಂದು. ಕಲ್ಲು ಉರುಳಿತು. ಇದನ್ನು ಭಾವನೇ ನನಗೆ ಹೇಳಿದ್ದು. ಹೇಳಬೇಕಾದ ಮುಖ್ಯ ಸಂಗತಿ ಅವರಿಗೆ ಬೇರೆಯೇ ಇತ್ತು: "ಅವನು ಹಾರೆ ಹಿಡಿಯೋದು ನೋಡಬೇಕಿತ್ತು. ಟೀ ಚಮಚ ಹಿಡಿದ ಹಾಗೆ."

ಈಗ ಭಾವ ವಾರಕ್ಕೊಮ್ಮೆ ಇಳಿದು ಬರುತ್ತಾರೆ. ಅಕ್ಕ ಬಡಿಸಿದ್ದನ್ನು ಉಂಡು, ಕೈ ಒಣಗಿದರೂ ಏಳದೆ, ಕಂಡಕ್ಟರನ ಕೆಮ್ಮು, ನಡಿಗೆ, ಕೋಳಿ, ಕೊಡಲಿ ಎಲ್ಲವನ್ನೂ ಒಂದೊಂದಾಗಿ ಬಿಚ್ಚಿ ಹರಡುತ್ತಾರೆ. ಮೊನ್ನೆ ನಾನೂ ಅಲ್ಲಿದ್ದೆ. ಆತನಿಗೆ ಜ್ವರ ಬಂದಿತ್ತಂತೆ. ಭಾವ ರಾತ್ರಿಯೆಲ್ಲ ಅವನ ಒಲೆಯ ಮುಂದೆ ಕೂತು ಬಿಸಿನೀರು ಕೊಟ್ಟರಂತೆ. "ನೀರು ಕಾಯಿಸೋಕೂ ಬರಲ್ವಾ ಅಂತ ನನ್ನನ್ನೇ ಬೈದ, ಕೃತಘ್ನ."

"ಇಲ್ಲೇ ಇದ್ದುಬಿಡಿ ಹಾಗಾದ್ರೆ," ಎಂದಳು ಅಕ್ಕ.

ಬೇಲಿಯಾಚೆ ಆಡಿನವಳ ನಗು ಕೇಳಿಸುತ್ತಿತ್ತು. ಭಾವ ಆ ಕಡೆ ಮೂಗು ಮುರಿದು, "ಇಲ್ಲಿ ಗಲಾಟೆ ಜಾಸ್ತಿ," ಎಂದು ಚೀಲ ಹೆಗಲಿಗೇರಿಸಿದರು. ಅದರಲ್ಲಿ ಅಕ್ಕ ತುಂಬಿದ ಸೊಪ್ಪಿತ್ತು. ಎರಡು ಕಂತೆ.

ಅವರು ತಿರುವು ದಾಟಿದ ಮೇಲೆ, ಬೇಸರವಾಯಿತೇ ಎಂದು ಅಕ್ಕನನ್ನು ಕೇಳಿದೆ.

"ಬೇಸರ ಯಾಕೆ?" ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ. "ಇಬ್ರೂ ಮೂರ್ಖರು. ಒಬ್ಬರಿಗೊಬ್ಬರು ಸಿಕ್ಕಿದ್ದಾರಲ್ಲ, ಊರಿಗೆ ಕಾಟ ತಪ್ಪಿತು."