ಒಂದು ಪೀರಿಯಡ್ಡಿನ ಟೀಚರ್

ಹುಬ್ಬಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರಾಗಿದ್ದೆ. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಮತ್ತೆ ಓದಿದೆ, ಡಾಕ್ಟರೇಟ್ ಮಾಡಿದೆ, ಶಿಕ್ಷಣ ವಿಭಾಗದಲ್ಲಿ ಪ್ರೊಫೆಸರ್ ಆದೆ. ಶಾಲೆಗಳಲ್ಲಿ ವಿಜ್ಞಾನ, ಗಣಿತದ ಪಾಠ ಹೇಗೆ ಸುಧಾರಿಸುತ್ತದೆ ಎಂಬುದು ನನ್ನ ಸಂಶೋಧನೆ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಮಕ್ಕಳಿಂದ ಒಂದಿಷ್ಟು ದೂರವಾಗಿದ್ದೇನೆ. ಮೊದಲು ಮಕ್ಕಳಿಗೆ ಕಲಿಸಿದೆ, ಆಮೇಲೆ ಟೀಚರುಗಳಿಗೆ, ಆಮೇಲೆ ಟೀಚರುಗಳಿಗೆ ಕಲಿಸುವವರಿಗೆ. ಈಗ ನನ್ನ ವಿದ್ಯಾರ್ಥಿಗಳು ಶಾಲೆಗೆ ಹೋಗಿ ಬರೆದು ತಂದದ್ದನ್ನು ನಾನು ಆಫೀಸಿನಲ್ಲಿ ಕುಳಿತು ಓದುತ್ತೇನೆ.

ಹೋದ ವರ್ಷ ಆ ವಿದ್ಯಾರ್ಥಿಗಳಲ್ಲೊಬ್ಬಳು ಜ್ವರದಿಂದ ಮಲಗಿದಾಗ, ಅವಳ ಬದಲು ಪಾಠ ನೋಡಿ ಬರೆದುಕೊಳ್ಳಲು ನಾನೇ ರೈಲು ಹತ್ತಿ ಬೆರ್ರಿಯೆಸಾ ಎಂಬಲ್ಲಿಗೆ ಹೋದೆ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲೊಂದು ಮಿಡಲ್ ಸ್ಕೂಲು. ಅಲ್ಲಿಯ ಏಳನೇ ತರಗತಿಯ ವಿಜ್ಞಾನದ ಟೀಚರ್ ಹಿಂದೆ ನನ್ನ ಬಳಿಯೇ ಕಲಿತವಳು. ವಿಯೆಟ್ನಾಂ ಕಡೆಯ ಮನೆತನ, ಮೆಲ್ಲನೆಯ ದನಿ. ಆ ದಿನ ಮಕ್ಕಳ ಮುಂದೆ ಒಂದು ಬ್ಯಾಟರಿ, ಒಂದು ಪುಟ್ಟ ಬಲ್ಬು, ಒಂದು ತುಂಡು ತಂತಿ ಇಟ್ಟಿದ್ದಳು. ಅಷ್ಟರಲ್ಲೇ ಬಲ್ಬು ಹೊತ್ತಿಸಬೇಕು. ಇದೇ ಪಾಠವನ್ನು ನಾನು ಹುಬ್ಬಳ್ಳಿಯಲ್ಲಿ ಟಾರ್ಚಿನ ಸೆಲ್ಲು ಹಿಡಿದು ಮಾಡುತ್ತಿದ್ದೆ.

ನೋಡಲು ಬಂದವರು ಮಕ್ಕಳ ಕೆಲಸದಲ್ಲಿ ಕೈ ಹಾಕಬಾರದು. ಅದು ನಾವೇ ಮಾಡಿಕೊಂಡ ನಿಯಮ. ನನ್ನ ಪಕ್ಕದ ಮೇಜಿನಲ್ಲಿದ್ದ ಹುಡುಗಿಯೊಬ್ಬಳು ತಂತಿಯನ್ನು ಹೇಗೆ ಹೇಗೋ ತಾಗಿಸಿ ನೋಡಿ, ಕಡೆಗೆ ನನ್ನತ್ತ ತಿರುಗಿ, ಎಲ್ಲಿ ತಪ್ಪಿದೆ ಎಂದು ಕೇಳಿದಳು. ನಾನು ಬರೀ ನೋಡೋಕೆ ಬಂದವಳು ಅಂದೆ. ಅವಳು ತಲೆಯಾಡಿಸಿ ಮತ್ತೆ ತನ್ನ ತಂತಿಗೆ ಮರಳಿದಳು. ಅದರಲ್ಲಿ ಬೇಸರವೇನೂ ಇರಲಿಲ್ಲ. ಬೇಸರವೆಲ್ಲ ನನ್ನದು.

ಸಂಜೆ ಊಟಕ್ಕೆ ಕುಳಿತಾಗ ಗಂಡನಿಗೆ ಇದನ್ನು ಹೇಳಿದೆ. ಅವರು ಧಾರವಾಡದವರು, ಇಷ್ಟು ವರ್ಷ ಇಲ್ಲಿದ್ದರೂ ಮಾತು ಬದಲಾಗಿಲ್ಲ. ರೊಟ್ಟಿ ಮುರಿಯುತ್ತಲೇ ಅಂದರು: "ಹಂಗಾರ ಒಂದ್ ಪೀರಿಯಡ್ಡು ನನಗ ಕೊಡು ಅಂತ ಆಕೀನ್ನ ಕೇಳು. ಸುಮ್ನ ಕುಂತು ಬಂದ್ರ ನಿಂಗ ಊಟ ಸೇರಂಗಿಲ್ಲ."

ಕೇಳಲು ಒಂದು ವಾರ ಹಿಡಿಯಿತು. ಫೋನಿನಲ್ಲಿ ಕೇಳಿದಾಗ ಆ ಟೀಚರ್ ಇದೂ ಸಂಶೋಧನೆಯ ಭಾಗವೆಂದುಕೊಂಡು, ಕ್ಯಾಮೆರಾ ಎಲ್ಲಿಡೋಣ ಎಂದಳು. ಕ್ಯಾಮೆರಾ ಬೇಡ, ನನಗೆ ಪಾಠ ಮಾಡಬೇಕು ಅನ್ನಿಸಿದೆ ಅಷ್ಟೇ ಎಂದೆ. ಒಪ್ಪಿಕೊಂಡಳು. ತಾನೂ ತರಗತಿಯಲ್ಲೇ ಇರಬೇಕಾಗುತ್ತದೆ ಎಂದು ಸಂಕೋಚದಿಂದ ಹೇಳಿದಳು. ಟೀಚರುಗಳನ್ನು ತಯಾರು ಮಾಡುವ ನನಗೆ ಈ ರಾಜ್ಯದಲ್ಲಿ ಶಾಲೆಯ ಮಕ್ಕಳಿಗೆ ಕಲಿಸುವ ಲೈಸೆನ್ಸು ಇಲ್ಲ. ಇಬ್ಬರೂ ನಕ್ಕೆವು.

ಶುಕ್ರವಾರದ ಆ ಪಾಠ ಶುರುವಿನಲ್ಲಿ ಚೆನ್ನಾಗಿ ಆಗಲಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಮಾತಾಡಿದೆ. ಹಿಂದಿನ ಸಾಲಿನ ಹುಡುಗರು ಮೇಜಿನ ಕೆಳಗೆ ಏನೋ ಆಟ ಹೂಡಿದ್ದರು. ಅವರನ್ನು ಕರೆಯಲು ಹೋಗಿ ಬಾಯಿಂದ "ಇಲ್ನೋಡ್ರಿ" ಎಂದು ಬಂದುಬಿಟ್ಟಿತು. ಎಲ್ಲರೂ ಒಮ್ಮೆಗೇ ತಲೆಯೆತ್ತಿದರು. ಅದು ಯಾವ ಭಾಷೆ ಎಂದು ಯಾರೋ ಕೇಳಿದರು. ಹೇಳಿದೆ. ಅವರೂ ಆ ಮಾತನ್ನು ಹೇಳಿ ನೋಡಿದರು, ನಾಲಿಗೆ ತಿರುಗದೆ ನಕ್ಕರು. ಆಮೇಲೆ ನಾನು ಮಾತು ನಿಲ್ಲಿಸಿ, ಎರಡು ಬಲ್ಬು ಒಟ್ಟಿಗೆ ಹೊತ್ತಿಸಿ ಎಂದು ಸಾಮಾನು ಹಂಚಿದೆ. ಮೇಜಿನಿಂದ ಮೇಜಿಗೆ ಹೋಗಿ ಬಗ್ಗಿ ನಿಂತು, ಯಾಕೆ ಹಾಗನ್ನಿಸಿತು ಎಂದು ಕೇಳುತ್ತ ಹೋದೆ. ಒಂದು ಗುಂಪಿನಲ್ಲಿ ಬಲ್ಬುಗಳು ಮಂಕಾಗಿ ಹೊತ್ತಿದವು. ಅಷ್ಟು ಮಂಕು ಯಾಕೆಂದು ಅವರಲ್ಲೇ ಜಗಳ ಹತ್ತಿತು. ಆ ಜಗಳದ ನಡುವೆ ನಿಂತಿದ್ದಾಗ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಪೀರಿಯಡ್ಡು ಮುಗಿದ ಮೇಲೆ, ಮೊದಲ ದಿನ ನನ್ನನ್ನು ಕೇಳಿದ್ದ ಹುಡುಗಿ ತಂತಿಗಳನ್ನು ಡಬ್ಬಿಗೆ ತುಂಬುತ್ತ, "ಸೋಮವಾರಾನೂ ನೀವೇ ಬರ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಇಲ್ಲ ಎಂದೆ. ಓಕೆ ಎಂದು ಬ್ಯಾಗು ಹೆಗಲಿಗೇರಿಸಿ ಹೋದಳು.

ಕೆಲವು ದಿನಗಳ ಮೇಲೆ ನಮ್ಮ ಡೀನ್ ಬಳಿ, ಒಂದು ವರ್ಷದ ಮಟ್ಟಿಗಾದರೂ ವಾರಕ್ಕೆರಡು ದಿನ ಆ ಶಾಲೆಯಲ್ಲಿ ಕಲಿಸಲು ಬಿಡುವು ಸಿಗುತ್ತದೆಯೇ ಎಂದು ಕೇಳಿದೆ. ಅವರು ಒಳ್ಳೆಯವರು. ನಿಮ್ಮಿಂದ ನೂರಾರು ಶಾಲೆಗಳಿಗೆ ಉಪಯೋಗವಾಗುತ್ತಿರುವಾಗ ಒಂದೇ ತರಗತಿಗೆ ಯಾಕೆ ಹೋಗುತ್ತೀರಿ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಮತ್ತೆ ಮೀಟಿಂಗುಗಳಿಗೆ, ವರದಿಗಳಿಗೆ ಮರಳಿದೆ.

ಆ ಮಕ್ಕಳು ಈಗ ಎಂಟನೇ ತರಗತಿಯಲ್ಲಿದ್ದಾರೆ. ಟೀಚರ್ ಆಗಾಗ ಊಟದ ಬಿಡುವಿನಲ್ಲಿ ಫೋನು ಮಾಡುತ್ತಾಳೆ. ಮೊನ್ನೆ, ಈ ವರ್ಷದ ಏಳನೇ ತರಗತಿಯವರಿಗೆ ಈ ವಾರ ಶಬ್ದದ ಪಾಠ ನಡೀತಿದೆ ಎಂದಳು. ಮಕ್ಕಳು ರಬ್ಬರ್ ಬ್ಯಾಂಡು ಎಳೆದು ಮೀಟುತ್ತಾರೋ, ಬಾಟಲಿಗೆ ನೀರು ತುಂಬಿ ಊದುತ್ತಾರೋ, ಮೊದಲು ಯಾರು ಏನೆಂದರು ಎಂದು ನಾನು ಒಂದೇ ಸಮನೆ ಕೇಳುತ್ತಿದ್ದೆ. ಉತ್ತರಕ್ಕೆ ಮೊದಲೇ ಬಿಡುವು ಮುಗಿಯಿತು. ಅವಳು ಫೋನು ಆರಿಸುವುದನ್ನು ಮರೆತು ಮೇಜಿನ ಮೇಲಿಟ್ಟಳೆಂದು ಕಾಣುತ್ತದೆ. ಮಕ್ಕಳು ನುಗ್ಗಿ ಬಂದ ಸದ್ದು, ಯಾರದೋ ನಗು, ಒಂದೇ ಸಲ ಹತ್ತು ಮಾತು. ನನಗೆ ಮೀಟಿಂಗಿತ್ತು. ಆದರೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.