ಮೂರೆಕರೆಗೆ ಬಂದ ಕೆಂಪು ಕಾರು

ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿ ನಮ್ಮೂರು. ರಸ್ತೆಗೆ ಕಾಣುವಂತೆ ನನ್ನ ದೊಡ್ಡಪ್ಪ ಗುತ್ಯಪ್ಪನ ಮನೆ, ಅದಕ್ಕೆ ಹೊಂದಿಕೊಂಡು ಒಂದು ಶೆಡ್ಡು. ಮನೆಗೆ ಹೊದಿಸಿದ್ದು ನಾಡಹೆಂಚು, ಶೆಡ್ಡಿಗೆ ಮಂಗಳೂರು ಹೆಂಚು. ಶೆಡ್ಡಿನೊಳಗೆ ಇಟಲಿಯಲ್ಲಿ ತಯಾರಾದ ಕೆಂಪು ಬಣ್ಣದ ಫಿಯೆಟ್ ಕಾರು. ಎರಡೇ ಬಾಗಿಲು, ಎರಡೇ ಸೀಟು. ಬಟ್ಟೆಯ ಚಾವಣಿಯನ್ನು ಹಿಂದಕ್ಕೆ ಮಡಚಿ ತೆರೆದ ಗಾಳಿಯಲ್ಲಿ ಓಡಿಸಬಹುದು. ಇಂಥ ಕಾರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ.

ಅದನ್ನು ನಮ್ಮ ಸೀಮೆಗೆ ತಂದವರು ಶಿಕಾರಿಪುರದ ಸದಾಶಿವಪ್ಪನವರು. ಭತ್ತದ ವ್ಯಾಪಾರಿಗಳು, ಜಮೀನುದಾರರು. ಅಕ್ಕಿ ಗಿರಣಿಗೆ ಯಂತ್ರ ನೋಡಿಕೊಂಡು ಬರುತ್ತೇನೆಂದು 1963ರಲ್ಲಿ ಬೊಂಬಾಯಿಗೆ ಹೋದವರು, ತನ್ನ ದೇಶಕ್ಕೆ ವಾಪಸು ಹೊರಟಿದ್ದ ಇಟಲಿಯ ಮ್ಯಾನೇಜರನೊಬ್ಬನಿಂದ ಕಾರು ಕೊಂಡು ತಂದರು. ಗಿರಣಿಯ ಯಂತ್ರ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತಂತೆ. ಅವರಿಗೆ ಓಡಿಸಲು ಬರುತ್ತಿರಲಿಲ್ಲ. ದೊಡ್ಡಪ್ಪನಿಗೆ ಆಗ ಹತ್ತೊಂಬತ್ತು ವರ್ಷ. ಲಾರಿಯಲ್ಲಿ ಕ್ಲೀನರ್ ಆಗಿ ತಿರುಗಿ ಸ್ಟೀರಿಂಗ್ ಹಿಡಿಯುವುದನ್ನು ಕಲಿತಿದ್ದ. ಸದಾಶಿವಪ್ಪನವರ ಮೂರೆಕರೆ ಗದ್ದೆಯನ್ನು ನಮ್ಮ ಅಜ್ಜ ಗೇಣಿಗೆ ಮಾಡುತ್ತಿದ್ದ. ಅಜ್ಜನ ನಂತರ ದೊಡ್ಡಪ್ಪ ಮಾಡತೊಡಗಿದ. ಗದ್ದೆಯ ಕೆಲಸವಿದ್ದಾಗ ಗದ್ದೆ, ಸಾಹುಕಾರರು ಹೇಳಿಕಳಿಸಿದಾಗ ಕಾರು. ಕಾರು ಓಡಿಸುವುದಕ್ಕೆ ಅವನು ಸಂಬಳ ಕೇಳಲಿಲ್ಲ, ಅವರು ಕೊಡಲೂ ಇಲ್ಲ.

1974ರಲ್ಲಿ ಭೂಸುಧಾರಣೆಯ ಹೊಸ ಕಾನೂನು ಬಂತು. ಗೇಣಿ ಮಾಡುತ್ತಿದ್ದವರೆಲ್ಲ ತಾವು ಉಳುವ ಜಮೀನು ತಮಗೇ ಆಗಬೇಕೆಂದು ಡಿಕ್ಲರೇಷನ್ ಹಾಕತೊಡಗಿದರು. ನಮ್ಮಪ್ಪ ಬೇರೊಬ್ಬರಿಂದ ಗೇಣಿಗೆ ಹಿಡಿದಿದ್ದ ಎರಡೆಕರೆಗೆ ಹಾಕಿದ. ಆ ವಾರವೇ ಸದಾಶಿವಪ್ಪನವರು ದೊಡ್ಡಪ್ಪನನ್ನು ಕರೆಸಿದರು.

"ನೀನೂ ನನ್ನ ಮ್ಯಾಲೆ ಡಿಕ್ಲರೇಷನ್ ಹಾಕ್ತೀಯೇನೋ ಗುತ್ಯಾ?"

ದೊಡ್ಡಪ್ಪ ತಲೆ ತಗ್ಗಿಸಿ ನಿಂತ. ಅವನ ಮದುವೆ ಮಾಡಿಸಿದವರು ಅವರು. ಅಜ್ಜನಿಗೆ ಹಾವು ಕಚ್ಚಿದಾಗ ಇದೇ ಕಾರಿನಲ್ಲಿ ಆಸ್ಪತ್ರೆಗೆ ಕಳಿಸಿದವರೂ ಅವರೇ.

"ಗದ್ದಿ ಬಿಡು. ಅದರ ಬದ್ಲಿ ಕಾರ್ ತಗಂಡು ಹೋಗು. ಇವತ್ತಿಂದ ಅದು ನಿಂದು" ಎಂದರು ಸದಾಶಿವಪ್ಪನವರು. ಅವರ ಹೆಂಡತಿ ನೀಲಾಂಬಿಕಮ್ಮ ಕಾಫಿ ತಂದು ಅಲ್ಲೇ ಬಾಗಿಲಲ್ಲಿ ನಿಂತಿದ್ದರು. ಕಾಗದ ಪತ್ರ ಯಾವುದೂ ಆಗಲಿಲ್ಲ. ದೊಡ್ಡಪ್ಪ ಕಾಫಿ ಕುಡಿದು ಕಾರು ತೆಗೆದುಕೊಂಡು ಊರಿಗೆ ಬಂದ.

ಯಾಕೆ ಒಪ್ಪಿದೆ ಎಂದು ನಾನು ದೊಡ್ಡವನಾದ ಮೇಲೆ ಕೇಳಿದ್ದೇನೆ. "ಮೂವತ್ತು ವರ್ಷ ನನಗಾಗ. ಗದ್ದಿ ಅಂದ್ರೆ ಹುಟ್ಟಿದಾಗಿಂದ ತುಳಿದ ಕೆಸರು. ಕಾರು ಅಂದ್ರೆ ಹುಚ್ಚು. ಅಲ್ದೆ, ಅವರ ಮ್ಯಾಲೆ ಕೇಸ್ ಹಾಕಿ ಅವರ ಮುಖ ಹೆಂಗೆ ನೋಡ್ಲಿ?" ಎಂದ. ದೊಡ್ಡಮ್ಮ ಹನುಮಮ್ಮನನ್ನು ಕೇಳಿದ್ದೆಯಾ ಎಂದರೆ ಎದ್ದು ಕಾರು ಒರೆಸಲು ಹೋದ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಪಹಣಿಯಲ್ಲಿ ಗೇಣಿದಾರನೆಂದು ದೊಡ್ಡಪ್ಪನ ಹೆಸರಿತ್ತು. ಎರಡು ವರ್ಷದ ಮೇಲೆ ಭೂ ನ್ಯಾಯಮಂಡಳಿಯವರು ವಿಚಾರಣೆಗೆ ಕರೆದರು. ಸದಾಶಿವಪ್ಪನವರ ವಕೀಲರು ಮೊದಲೇ ಹೇಳಿಕೊಟ್ಟಿದ್ದಂತೆ ಅವನು ಪ್ರಮಾಣ ಮಾಡಿ ಹೇಳಿದ: ನಾನು ಗೇಣಿದಾರನಲ್ಲ, ಸದಾಶಿವಪ್ಪನವರ ಕಾರಿಗೆ ತಿಂಗಳ ಸಂಬಳದ ಡ್ರೈವರು, ಗದ್ದೆಯನ್ನು ಅವರೇ ಕೂಲಿಯಾಳುಗಳಿಂದ ಮಾಡಿಸುತ್ತಾರೆ. ಕೊಟ್ಟ ಮಾತು ಉಳಿಸಿಕೊಳ್ಳಲು ಇಷ್ಟೂ ಸುಳ್ಳು ಹೇಳಿ ಸಹಿ ಹಾಕಿ ಬಂದ.

ಆಮೇಲೆ ಆ ಮೂರೆಕರೆಯಲ್ಲಿ ಕಳೆ ಕೀಳಲು ದೊಡ್ಡಮ್ಮ ಕೂಲಿಗೆ ಹೋದಳು. ಜೊತೆಗೆ ಕಳೆ ಕೀಳುತ್ತಿದ್ದ ಹೆಂಗಸರು "ಹನುಮಮ್ಮಾ, ಗಂಡ ಕಾರಾಗ ತಂದು ಬಿಟ್ನೇನೇ?" ಎಂದು ಕೀಟಲೆ ಮಾಡುತ್ತಿದ್ದರು. "ನನ್ನ ಗಂಡ ಮೂರೆಕರೆ ಗದ್ಯಾಗ ಎರಡು ಸೀಟು ಬೆಳೆದಾನ್ರವ್ವ. ಒಂದ್ರಾಗ ಅವ ಕೂರ್ತಾನ, ಇನ್ನೊಂದ್ರಾಗ ಅವನ ಗರ್ವ ಕೂರ್ತತಿ. ನನಗೆಲ್ಲಿ ಜಾಗ?" ಎಂದು ತಿರುಗಿ ಹೇಳುತ್ತಿದ್ದಳು. ಎಲ್ಲರೊಡನೆ ತಾನೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ ನಗುತ್ತಿರಲಿಲ್ಲ.

ದೊಡ್ಡಪ್ಪ ಲಾರಿ, ಟ್ರ್ಯಾಕ್ಟರ್ ಓಡಿಸಿ ಮನೆ ನಡೆಸಿದ. ಮನೆಯ ಕುರಿ ಹಿಂಡು ಕೈ ಹಿಡಿಯಿತು. ಕಾರನ್ನು ಮಾತ್ರ ಅವನು ನೋಡಿಕೊಂಡ ರೀತಿ ನೋಡಲು ಶಿವಮೊಗ್ಗದ ಮೆಕ್ಯಾನಿಕ್ಕುಗಳು ಬರುತ್ತಿದ್ದರು. ಸೀಟಿನ ಚರ್ಮ ಹರಿದಾಗ ನಮ್ಮ ಕುರಿಯ ಉಣ್ಣೆಯಿಂದಲೇ ಕರಿ ಕಂಬಳಿ ನೇಯಿಸಿ ಹೊದಿಸಿದ. ಚಾವಣಿಯ ಬಟ್ಟೆ ಲಡ್ಡಾದಾಗ ಶಿರಾಳಕೊಪ್ಪದಲ್ಲಿ ಲಾರಿಯ ತಾಡಪಾಲು ಹೊಲಿಯುವವನ ಪಕ್ಕದಲ್ಲಿ ಮೂರು ದಿನ ಕೂತು ಹೊಲಿಸಿದ. ಒಳಗಿನ ಕೆಲವು ಸಾಮಾನು ನಮ್ಮ ದೇಶದ ಫಿಯೆಟ್ಟಿನವು ಹೊಂದುತ್ತಿದ್ದವು. ಹೊಂದದ್ದನ್ನು ಹುಬ್ಬಳ್ಳಿಯ ಗುಜರಿಯಲ್ಲಿ ಹುಡುಕುತ್ತಿದ್ದ, ಸಿಗದಿದ್ದರೆ ಲೇತಿನಲ್ಲಿ ಮಾಡಿಸುತ್ತಿದ್ದ. ಸುತ್ತಲಿನ ಊರಿನ ಮದುವೆಗಳಲ್ಲಿ ಗಂಡುಹೆಣ್ಣನ್ನು ಮನೆ ತುಂಬಿಸಲು ಅದೇ ಕಾರು. ಹಿಂದೆ ಕೂರಲು ಸೀಟಿಲ್ಲವಾದ್ದರಿಂದ ಹೊಸ ಮದುಮಗಳನ್ನು ದೊಡ್ಡಪ್ಪನ ಪಕ್ಕದ ಸೀಟಿನಲ್ಲಿ ಕೂರಿಸಿ, ಮದುಮಗ ಹಿಂದಿನ ಡಿಕ್ಕಿಯ ಮೇಲೆ ಬಾಸಿಂಗ ಹಿಡಿದುಕೊಂಡು ಕೂರಬೇಕಿತ್ತು. ದೊಡ್ಡಪ್ಪ ಪೆಟ್ರೋಲು ಹಾಕಿಸಿದರೆ ಸಾಕು ಎನ್ನುತ್ತಿದ್ದ.

ಆರ್‌ಸಿ ಪುಸ್ತಕ ಮಾತ್ರ ಸದಾಶಿವಪ್ಪನವರ ಹೆಸರಲ್ಲೇ ಉಳಿಯಿತು. ಅದನ್ನು ನವೀಕರಿಸುವ ವರ್ಷ ಬಂದಾಗಲೆಲ್ಲ ದೊಡ್ಡಪ್ಪ ಶಿಕಾರಿಪುರಕ್ಕೆ ಹೋಗುತ್ತಿದ್ದ, ಅವರು ಸಹಿ ಹಾಕುತ್ತಿದ್ದರು, ಕಾಫಿ ಆಗುತ್ತಿತ್ತು. ಹೆಸರು ಬದಲಾಯಿಸಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

1996ರಲ್ಲಿ ಆ ವರ್ಷ ಮತ್ತೆ ಬಂತು. ಸದಾಶಿವಪ್ಪನವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಇನ್ನೊಮ್ಮೆ ಸಹಿಗೆ ಕಷ್ಟವಾದೀತು, ಈ ಸಲ ಕಾರನ್ನೇ ತನ್ನ ಹೆಸರಿಗೆ ಮಾಡಿಸಿಬಿಡೋಣ ಎಂದುಕೊಂಡ ದೊಡ್ಡಪ್ಪ, ಅವಧಿ ಮುಗಿದ ಕಾರನ್ನು ಶೆಡ್ಡಿನಲ್ಲೇ ಬಿಟ್ಟು, ಓದು ಬಲ್ಲವನೆಂದು ನನ್ನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದ. ನಾನು ಆ ವರ್ಷ ಬಿ.ಎ. ಮುಗಿಸಿದ್ದೆ, ನಮ್ಮಪ್ಪನಿಗೆ ಸಿಕ್ಕ ಎರಡೆಕರೆಯ ಫಸಲಿನಿಂದ.

ಪಡಸಾಲೆಯಲ್ಲಿ ಸದಾಶಿವಪ್ಪನವರು ಆರಾಮ ಕುರ್ಚಿಯಲ್ಲಿದ್ದರು. ವ್ಯವಹಾರವನ್ನೆಲ್ಲ ಈಗ ನೋಡಿಕೊಳ್ಳುತ್ತಿದ್ದವನು ಅವರ ಮಗ ಮಲ್ಲಿಕಾರ್ಜುನ್. ದೊಡ್ಡಪ್ಪ ಬಂದ ಕಾರಣ ಹೇಳುವ ಮೊದಲೇ ಅವನು ಮಾತು ತೆಗೆದ.

"ಬಾ ಗುತ್ಯಪ್ಪ, ನಾನೇ ಹೇಳಿಕಳಿಸೋನಿದ್ದೆ. ಬೆಳಗಾವಿ ಡಾಕ್ಟರೊಬ್ರು ಕಾಗದ ಬರ್ದಾರ. ಹಳೇ ಕಾರು ಕೂಡಿಡೋ ಶೋಕಿ ಅವರಿಗೆ. ಶಿರಾಳಕೊಪ್ಪದಾಗ ನಮ್ಮ ಕಾರು ನೋಡಿ, ನಂಬರ್ ಹಿಡಿದು ಅಪ್ಪಾಜಿ ಹೆಸರು ಹುಡುಕ್ಯಾರ. ಕೊಟ್ಟುಬಿಡೋಣ ಅಂತ ಮಾಡೀನಿ."

ದೊಡ್ಡಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. "ಅವರು ನನ್ನೂ ಕೇಳಿದ್ರು. ಕೊಡಲ್ಲ ಅಂದೀನಿ" ಎಂದ.

"ನೀ ಯಾಕೆ ಕೊಡಲ್ಲ ಅಂತೀಯ? ಕಾರು ನಮ್ದು."

"ಸಾವ್ಕಾರ್ರು ನನಗೆ ಕೊಟ್ಟಾರ್ರಿ. ಗದ್ದಿ ಬದ್ಲಿ ಕೊಟ್ಟಾರ."

ಮಲ್ಲಿಕಾರ್ಜುನ್ ಸಿಟ್ಟಾಗಲಿಲ್ಲ. ಒಳಗೆ ಹೋಗಿ ಜಮೀನಿನ ಕಾಗದಗಳ ಕಟ್ಟು ತಂದು, ಒಂದು ಹಳೆಯ ನಕಲು ತೆಗೆದು ನನ್ನ ಕೈಗೆ ಕೊಟ್ಟ. "ನೀ ಓದಿದೋನಲ್ಲ, ಓದಪ್ಪ ನಿಮ್ಮ ದೊಡ್ಡಪ್ಪಗೆ."

ನ್ಯಾಯಮಂಡಳಿಯ ಮುಂದೆ ದೊಡ್ಡಪ್ಪ ಕೊಟ್ಟ ಹೇಳಿಕೆ ಅದು. ನಾನು ಓದಿದೆ. ಸದರಿ ಕಾರಿಗೆ ನಾನು ತಿಂಗಳ ಸಂಬಳದ ಡ್ರೈವರಾಗಿದ್ದು, ಕಾರು ಸದರಿ ಸದಾಶಿವಪ್ಪನವರದಾಗಿರುತ್ತದೆ ಎಂಬ ಸಾಲನ್ನು ಎರಡು ಸಲ ಓದಿದೆ. ಕೆಳಗೆ ದೊಡ್ಡಪ್ಪನ ಸಹಿ. ತಾರೀಕು ಅವರು ಕಾರು ಕೊಟ್ಟು ಎರಡು ವರ್ಷದ ನಂತರದ್ದು.

"ಇದು ನಿಂದೇ ಮಾತು. ನಮ್ಮ ಮಾತಲ್ಲ" ಎಂದ ಮಲ್ಲಿಕಾರ್ಜುನ್.

"ಅದು ನಿಮಗೋಸ್ಕರ ಹೇಳಿದ್ದಪ್ಪಾ. ಸುಳ್ಳದು" ಎಂದು ದೊಡ್ಡಪ್ಪ ಸದಾಶಿವಪ್ಪನವರ ಕಡೆ ತಿರುಗಿದ. "ನೀವು ಹೇಳ್ರಿ ಸಾವ್ಕಾರ್ರೆ. ಇದೇ ಪಡಸಾಲ್ಯಾಗ ಕೊಟ್ರಿ."

ಅಡುಗೆಮನೆಯಿಂದ ನೀಲಾಂಬಿಕಮ್ಮ ಬಂದರು. "ಕೊಟ್ಟಿದ್ದು ಖರೇ ತಮ್ಮಾ. ನಾನಿದ್ದೆ."

"ಅವ್ವಾ, ಸುಮ್ನಿರು. ಇದು ಸುಳ್ಳು ಅಂದ್ರೆ ಆವಾಗ ನಾವು ಸುಳ್ಳು ಹೇಳಿಸೀವಿ ಅಂತಾಗ್ತತಿ. ಆ ಮೂರೆಕರೆ ಮತ್ತೆ ಯಾರಾದ್ರೂ ಕೆದಕಿದ್ರೆ? ಅಲ್ಲೇನ್ರಿ ಅಪ್ಪಾಜಿ?"

ಎಲ್ಲರೂ ಸದಾಶಿವಪ್ಪನವರನ್ನು ನೋಡಿದೆವು. ಲಕ್ವದಿಂದ ಅವರ ಬಾಯಿ ಸ್ವಲ್ಪ ಓರೆಯಾಗಿತ್ತು, ಮಾತು ಮಾತ್ರ ಸ್ಪಷ್ಟವಿತ್ತು. "ಬರೆದದ್ದು ಏನೈತೋ ಅದೇ" ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡರು.

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ನಾನು ದೊಡ್ಡಪ್ಪನಿಗೆ ಹೇಳಿದೆ, ಕೋರ್ಟಿಗೆ ಹೋಗೋಣ, ನೀಲಾಂಬಿಕಮ್ಮನವರು ಸಾಕ್ಷಿ ಇದ್ದಾರೆ. "ಆ ತಾಯಿನ ಗಂಡನ ವಿರುದ್ಧ, ಮಗನ ವಿರುದ್ಧ ಕಟಕಟ್ಯಾಗ ನಿಲ್ಲಿಸ್ಲೇನೋ? ನಾನು ಪ್ರಮಾಣ ಮಾಡಿ ಸುಳ್ಳು ಹೇಳೀನಿ. ಅದನ್ನ ತಿಂದು ಅರಗಿಸ್ಕಬೇಕಾದೋನು ನಾನು" ಎಂದ.

ಹದಿನೈದು ದಿನದ ಮೇಲೆ ಮಲ್ಲಿಕಾರ್ಜುನ್ ಬೆಳಗಾವಿಯ ಡಾಕ್ಟರನ್ನು ಕರೆದುಕೊಂಡು ನಮ್ಮೂರಿಗೇ ಬಂದ. ಡಾಕ್ಟರು ಒಳ್ಳೆಯವರು. ಕಾರಿನ ಸುತ್ತ ಎರಡು ಸುತ್ತು ಬಂದು, ಬಾನೆಟ್ಟಿನ ಒಳಗೆ ಬಗ್ಗಿ ನೋಡಿ, "ಇದನ್ನ ಹಿಂಗ ಇಟ್ಟೋರ ಕೈಗೆ ನಮಸ್ಕಾರ ಮಾಡಬೇಕು" ಎಂದರು. ಆದರೆ ಈ ಹಿಂದೆ ದೊಡ್ಡಪ್ಪ ಕಾರು ತನ್ನದೆಂದು ಅವರಿಗೆ ಹೇಳಿದ್ದನಲ್ಲ, ಅದು ಅವರ ಮನಸ್ಸಿನಲ್ಲಿತ್ತು. ಅದಕ್ಕಾಗಿ ಮಲ್ಲಿಕಾರ್ಜುನ್ ಒಂದು ಕಾಗದ ಟೈಪು ಮಾಡಿಸಿಕೊಂಡು ಬಂದಿದ್ದ. ಚಾಲಕನಾದ ನಾನು ನನ್ನ ವಶದಲ್ಲಿದ್ದ ವಾಹನವನ್ನು ಮಾಲೀಕರಿಗೆ ಒಪ್ಪಿಸಿದ್ದೇನೆ, ಇದರಲ್ಲಿ ನನ್ನದೇನೂ ತಕರಾರಿಲ್ಲ ಎಂದಿತ್ತು ಅದರಲ್ಲಿ.

"ಒಂದು ಸಹಿ ಗುತ್ಯಪ್ಪ. ನಿನ್ನ ಬರಿಗೈಲಿ ಕಳಿಸಲ್ಲ ನಾನು. ಶಿರಾಳಕೊಪ್ಪದಾಗ ಒಂದು ಸೈಟು ಬರ್ಕೊಡ್ತೀನಿ."

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು. ಇಷ್ಟು ವರ್ಷ ಆ ಕಾರನ್ನು ಬೈದವಳು, ಸೈಟು ಎಂದ ಕೂಡಲೇ ಏನಾದರೂ ಹೇಳುತ್ತಾಳೆಂದು ಎಲ್ಲರೂ ಅವಳ ಕಡೆ ನೋಡಿದರು. ಅವಳು ಗಂಡನನ್ನೇ ನೋಡುತ್ತಿದ್ದಳು.

ದೊಡ್ಡಪ್ಪ ಕಾಗದವನ್ನು ಮಡಚಿ ಮಲ್ಲಿಕಾರ್ಜುನನ ಕೈಗೆ ಕೊಟ್ಟ. "ಒಂದ್ಸಲ ಬರ್ದು ಕೊಟ್ಟೀನಿ. ಇನ್ನೊಂದ್ಸಲ ಕೊಡಲ್ಲ."

"ಪೊಲೀಸರನ್ನ ಕರ್ಕೊಂಡು ಬಂದು ಒಯ್ದ್ರೆ?"

"ಒಯ್ರಿ. ಬಾಗಿಲು ಹಾಕಿಲ್ಲ. ಸಹಿ ಮಾತ್ರ ಇಲ್ಲ."

ತಕರಾರಿನ ಕಾರು ತಮಗೆ ಬೇಡ ಎಂದು ಡಾಕ್ಟರು ಕೈ ಮುಗಿದು ಹೊರಟರು. ಮೂರೆಕರೆಯ ಮಾತು ಮತ್ತೆ ಎದ್ದೀತೆಂದೋ ಏನೋ, ಮಲ್ಲಿಕಾರ್ಜುನನೂ ಪೊಲೀಸರನ್ನು ತರಲಿಲ್ಲ. ಅತ್ತ ಸದಾಶಿವಪ್ಪನವರ ಹೆಬ್ಬೆಟ್ಟಿಲ್ಲದೆ ನೋಂದಣಿ ನವೀಕರಣವೂ ಆಗಲಿಲ್ಲ. ಕಾರು ರಸ್ತೆಗೆ ಇಳಿಯುವಂತಿಲ್ಲ, ಮದುವೆಗಳಿಗೆ ಹೋಗುವಂತಿಲ್ಲ. ದೊಡ್ಡಪ್ಪ ದಿನಾ ಬೆಳಿಗ್ಗೆ ಇಂಜಿನ್ ಶುರು ಮಾಡಿ, ಅಂಗಳದಲ್ಲಿ ಹತ್ತು ಮಾರು ಮುಂದಕ್ಕೆ, ಹತ್ತು ಮಾರು ಹಿಂದಕ್ಕೆ ಓಡಿಸಿ, ಒರೆಸಿ, ಮತ್ತೆ ಶೆಡ್ಡಿಗೆ ಬಿಡುತ್ತಿದ್ದ. ಊಟ ಕಡಿಮೆಯಾಯಿತು.

ಮರುವರ್ಷ ಜನವರಿಯ ಒಂದು ಮಧ್ಯಾಹ್ನ ಶಿರಾಳಕೊಪ್ಪದ ಕಡೆಯಿಂದ ಬಂದ ಬಸ್ಸಿನಿಂದ ಸದಾಶಿವಪ್ಪನವರು ಇಳಿದರು. ಜೊತೆಗೆ ಯಾರೂ ಇಲ್ಲ. ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದರಂತೆ. ಕೋಲೂರಿಕೊಂಡು ಅಂಗಳಕ್ಕೆ ಬಂದವರಿಗೆ ದೊಡ್ಡಮ್ಮ ಕಂಬಳಿ ಹಾಸಿದಳು. ಇಷ್ಟು ವರ್ಷದಲ್ಲಿ ಅವರು ಈ ಮನೆಗೆ ಬಂದು ಕೂತದ್ದು ಅದೇ ಮೊದಲು.

"ಕೊಟ್ಟಿದ್ದೆ ಗುತ್ಯಾ. ಮರ್ತಿಲ್ಲ ನಾನು" ಎಂದರು.

"ಅದು ನನಗೆ ಗೊತ್ತಿದ್ದದ್ದೇ ಅಲ್ಲೇನ್ರಿ. ನಿಮ್ಮ ಮಗನ ಎದುರಿಗೆ ಹೇಳ್ರಿ."

"ಆಗಲ್ಲೋ. ಈಗ ನಾನು ಅವನ ಅನ್ನ ತಿನ್ನೋನು."

ನೀರು ತಂದ ದೊಡ್ಡಮ್ಮ ಲೋಟವನ್ನು ಅವರ ಎಡಗೈಗೆ ಕೊಟ್ಟು, "ನಾವೂ ನಿಮ್ಮ ಅನ್ನ ತಿಂದಿದ್ವಲ್ರಿ ಸಾವ್ಕಾರ್ರೆ. ಅದಕ್ಕೇ ಇವ್ರು ಸುಳ್ಳು ಹೇಳಿದ್ದು" ಎಂದಳು. ಬಯ್ಯುವ ದನಿಯಲ್ಲ. ಸದಾಶಿವಪ್ಪನವರು ನೀರು ಕುಡಿಯದೆ ಲೋಟ ಹಿಡಿದುಕೊಂಡೇ ಕೂತರು.

ಬಿಸಿಲು ಇಳಿಯತೊಡಗಿದಾಗ ಎದ್ದರು. ಶೆಡ್ಡಿನ ಕಡೆ ನೋಡಿ, ಮೂವತ್ತು ವರ್ಷದ ರೂಢಿಯಲ್ಲೇ ಎಂಬಂತೆ, "ಕಾರ್ ತೆಗಿಯೋ. ಶಿರಾಳಕೊಪ್ಪದ ತನಕ ಬಿಡು" ಎಂದರು.

ದೊಡ್ಡಪ್ಪನ ಕೈ ಅಂಗಿಯ ಜೇಬಿಗೆ ಹೋಯಿತು. ಕೀಲಿ ಅಲ್ಲೇ ಇತ್ತು. ಅದನ್ನು ಅಲ್ಲೇ ಬಿಟ್ಟು ಬರಿಗೈ ಹೊರಗೆ ತೆಗೆದ.

"ಇವತ್ತು ತೆಗೆಯಲ್ಲ ಸಾವ್ಕಾರ್ರೆ. ನಿಮ್ಮನ್ನ ಕೂರಿಸ್ಕಂಡು ಹೊರಟ್ರೆ ಆ ಕಾಗದದಾಗ ನಾನು ಡ್ರೈವರು ಅಂತ ಬರ್ದಿದ್ದೇ ನಿಜ ಆಗ್ತತಿ. ಬರ್ರಿ, ಬಸ್ಸಿಗೆ ಹತ್ತಿಸ್ತೀನಿ."

ಬಿದ್ದ ಕೈಯ ಕಡೆ ತಾನು ನಿಂತು ಅವರ ತೋಳು ಹಿಡಿದುಕೊಂಡ. ಇಬ್ಬರೂ ರಸ್ತೆಯ ತನಕ ಮೆಲ್ಲಗೆ ನಡೆದು ಮೋರಿಕಟ್ಟೆಯ ಮೇಲೆ ಕೂತರು. ಬಸ್ಸು ಬರಲು ಮುಕ್ಕಾಲು ಗಂಟೆಯಾಯಿತು. ಕುರಿ ಹೊಡೆದುಕೊಂಡು ಬರುತ್ತಿದ್ದ ನಮ್ಮೂರ ಕೆಂಪಪ್ಪ ಅವರನ್ನು ನೋಡಿ ನಿಂತ.

"ಏನೋ ಗುತ್ಯಾ, ಸಾವ್ಕಾರ್ರನ್ನ ಬಸ್ಸಿಗೆ ಕಾಯಿಸ್ತೀಯ? ಕಾರ್ ಕೆಟ್ಟೈತೇನೋ?"

"ಇಲ್ಲ" ಎಂದ ದೊಡ್ಡಪ್ಪ. "ಚಲೋ ಐತಿ."